ಹಿನ್ನೀರಿನ ಆಚೆಯ ಸಾಸಿವೆ

ಸಾಗರದಿಂದ ಹೊರಟ ಬಸ್ಸು ಆವಿನಹಳ್ಳಿಯನ್ನು ಹಿಂದಿಕ್ಕಿ, ಮಳೆಯಲ್ಲಿ ತೊಯ್ದ ಕಾಡಿನ ನಡುವೆ ಸುತ್ತಿ ಬಳಸಿ ಸಾಗಿತು. ಒಂದು ತಿರುವಿನಲ್ಲಿ ಮರಗಳು ಎರಡೂ ಕಡೆಗೆ ಸರಿದು ನಿಂತಂತಾಯಿತು. ಎದುರಿಗೆ ನೀರು. ಎಲ್ಲಿ ನೋಡಿದರೂ ನೀರು. ದೂರದ ಗುಡ್ಡಗಳ ತಲೆಗಳು ಮಾತ್ರ ಅದರ ಮೇಲೆ ತೇಲುತ್ತಿದ್ದವು. ಶರಾವತಿಯ ಹಿನ್ನೀರನ್ನು ನಾನು ಬಾಲ್ಯದಲ್ಲಿ ಕಂಡಿದ್ದೆ. ಆಗ ದಡದಲ್ಲಿ ಇಳಿದು ಲಾಂಚಿಗಾಗಿ ಕಾಯಬೇಕಾಗಿತ್ತು. ಜನ, ದನ, ಕಾರು, ಬಸ್ಸು ಎಲ್ಲವನ್ನೂ ಒಟ್ಟಿಗೆ ಹೊತ್ತು ಅದು ನಿಧಾನವಾಗಿ ಆಚೆಯ ದಡಕ್ಕೆ ಹೋಗುತ್ತಿತ್ತು. ಈ ಸಲ ಬಸ್ಸು ನಿಲ್ಲಲೇ ಇಲ್ಲ. ಅಂಬಾರಗೋಡ್ಲಿನಿಂದ ಕಳಸವಳ್ಳಿಯವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ತೂಗುಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದಿದೆ. ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಒಂದೊಂದಾಗಿ ಹಿಂದಕ್ಕೆ ಸರಿದುವು. ನೋಡುನೋಡುವಷ್ಟರಲ್ಲಿ ನಾವು ಆಚೆಯ ದಡದಲ್ಲಿದ್ದೆವು.

ಬಸ್ಸಿನಲ್ಲಿದ್ದವರಲ್ಲಿ ಹೆಚ್ಚಿನವರು ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೊರಟವರು. ಉಳಿದ ಕೆಲವರು ಸೇತುವೆಯನ್ನೇ ನೋಡಬಂದವರು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ನನ್ನನ್ನು, “ತಾವು ಯಾವುದಕ್ಕೆ?” ಎಂದು ಕೇಳಿದರು. ಒಂದು ಬಟ್ಟಲು ಸಾಸಿವೆ ಮಾಡುವುದನ್ನು ಕಲಿಯುವುದಕ್ಕೆ ಎಂದು ಹೇಳಲು ನಾಚಿಕೆಯಾಯಿತು. “ನೆಂಟರ ಮನೆಗೆ” ಎಂದೆ. ಅದೂ ಸುಳ್ಳಲ್ಲ.

ಸಾಸಿವೆ ಎಂದರೆ ಇಲ್ಲಿ ಕಾಳಲ್ಲ, ಒಂದು ಪದಾರ್ಥ. ಬಯಲುಸೀಮೆಯ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕು. ಕೋಸಂಬರಿಯನ್ನು ಎಲ್ಲರೂ ಬಲ್ಲರು. ಅದರಲ್ಲಿ ತರಕಾರಿಗೆ ಬೇಳೆ ಜೊತೆಯಾಗುತ್ತದೆ, ಮೇಲೆ ನಿಂಬೆಯ ರಸ. ಮೊಸರುಬಜ್ಜಿಯಲ್ಲಿ ಮೊಸರೇ ಸರ್ವಸ್ವ. ತಂಬುಳಿ ತೆಳ್ಳಗಿನದು, ಅನ್ನಕ್ಕೆ ಕಲಸಿಕೊಳ್ಳಬಹುದು, ಕುಡಿಯಲೂಬಹುದು. ಸಾಸಿವೆ ಈ ಮೂರರಿಂದಲೂ ಬೇರೆ. ಹಸಿಯ ತರಕಾರಿಯ ಹೋಳುಗಳಿಗೆ ನುಣ್ಣಗೆ ರುಬ್ಬಿದ ತೆಂಗಿನಕಾಯಿ, ಅದರೊಳಗೆ ಹಸಿ ಸಾಸಿವೆಯ ಘಾಟು, ಮೇಲೆ ಗಟ್ಟಿ ಮೊಸರು. ಮೂರೂ ಕೂಡಿ ಕೆನೆಯಂಥ ದಪ್ಪ ಲೇಪವಾಗಿ ಹೋಳುಗಳನ್ನು ಅಪ್ಪಿಕೊಂಡಿರಬೇಕು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಇದು ಬಾಳೆಯೆಲೆಯ ಮೇಲೆ ತನ್ನದೇ ಸ್ಥಾನವನ್ನು ಪಡೆದಿದೆ. ಇದಕ್ಕೆ ಪೇಟೆಯಿಂದ ತರಬೇಕಾದದ್ದು ಏನೂ ಇಲ್ಲ. ಕಾಯಿ, ಮೊಸರು, ಸಾಸಿವೆ, ಮೆಣಸು, ಬೆಲ್ಲ, ಉಪ್ಪು, ಆರೂ ಮನೆಯಲ್ಲಿರುವಂಥವೇ.

ಇಷ್ಟು ಸುಲಭವಾದದ್ದನ್ನು ಕಲಿಯಲು ನಾಲ್ಕು ನೂರು ಕಿಲೋಮೀಟರ್ ಏಕೆ ಬರಬೇಕಾಯಿತೆಂದರೆ, ಅದಕ್ಕೆ ಕಾರಣ ಬೆಂಗಳೂರಿನ ನಮ್ಮ ಮನೆಗೆ ಬಂದ ಒಂದು ಬಾಟಲಿ.

ಒಂದು ಭಾನುವಾರ ನನ್ನ ಹೆಂಡತಿ ಸೌತೆಕಾಯಿ, ಎಲೆಕೋಸು, ಕ್ಯಾರೆಟ್ಟುಗಳನ್ನು ಹೆಚ್ಚಿ, ಅಂಗಡಿಯಿಂದ ತಂದ ಬಿಳಿಯ ಮಯೊನೇಸನ್ನು ಬೆರೆಸಿ ಬಡಿಸಿದಳು. ಮಗಳು ಸಂತೋಷದಿಂದ ತಿಂದಳು. ನನ್ನ ತಾಯಿ ಒಂದು ಚಮಚ ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಸಿವೆಯ ಹಾಗೇ ಇದೆ. ಆದರೆ ಮೂಗಿಗೆ ಏರುವುದಿಲ್ಲ” ಎಂದಳು. ಆಮೇಲೆ ತಾನಾಗಿಯೇ ಸೇರಿಸಿದಳು: “ನಾನು ಮಾಡಿದ್ದಾದರೂ ಏನು ಏರುತ್ತದೆ? ಕಹಿಯಾಗುತ್ತದೆ, ನೀರಾಗುತ್ತದೆ. ನಮ್ಮಮ್ಮ ಇರುವಾಗ ಕೇಳಿಕೊಳ್ಳಲಿಲ್ಲ.”

ನಮ್ಮಜ್ಜಿ ತನ್ನ ಕೊನೆಯ ಹದಿನೈದು ವರ್ಷಗಳನ್ನು ನಮ್ಮ ಜೊತೆಯಲ್ಲೇ ಕಳೆದವಳು. ಸಾಸಿವೆ ಮಾಡುವ ದಿನ ಅವಳೇ ಅಡುಗೆಮನೆಗೆ ಇಳಿಯುತ್ತಿದ್ದಳು. ಅಮ್ಮ ಕಚೇರಿಯಿಂದ ಬರುವಷ್ಟರಲ್ಲಿ ಅದು ಸಿದ್ಧವಾಗಿರುತ್ತಿತ್ತು. ಮಾಡುವವಳು ಮನೆಯಲ್ಲಿರುವಾಗ ಮಾಡುವ ಬಗೆಯನ್ನು ಯಾರು ಕೇಳುತ್ತಾರೆ? ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಅಮ್ಮ ನಾಲ್ಕೈದು ಸಲ ಪ್ರಯತ್ನಿಸಿ ಕೈಬಿಟ್ಟಿದ್ದಳು. ನಾನು ಕಾರ್ಯನಿಮಿತ್ತ ಸಾಗರಕ್ಕೆ ಹೋಗುವೆನೆಂದು ತಿಳಿದಾಗ ಅವಳು ಹೇಳಿದ್ದು ಒಂದೇ ಮಾತು: “ಸೇತುವೆ ಆಗಿದೆಯಂತಲ್ಲ, ಚಿಕ್ಕಮ್ಮನ ಮನೆಗೆ ಹೋಗಿ ಬಾ. ನನ್ನದು ಏಕೆ ಕಹಿಯಾಗುತ್ತದೆ, ಕೇಳಿಕೊಂಡು ಬಾ.”

ಅಮ್ಮನ ಆ ಚಿಕ್ಕಮ್ಮ, ಎಂದರೆ ನನ್ನ ಚಿಕ್ಕಜ್ಜಿ, ಅಜ್ಜಿಯ ಒಡಹುಟ್ಟಿದ ತಂಗಿ. ಎಂಬತ್ತರ ಹತ್ತಿರದ ವಯಸ್ಸು. ಅಕ್ಕತಂಗಿಯರು ಹುಟ್ಟಿ ಬೆಳೆದ ಮನೆ ಈಗ ಭೂಮಿಯ ಮೇಲೆ ಇಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು 1964ರಲ್ಲಿ ಮುಗಿದಾಗ ಕಣಿವೆಯ ಊರುಗಳು, ಗದ್ದೆಗಳು, ಅಡಿಕೆ ತೋಟಗಳು ನೀರಿನ ಅಡಿಗೆ ಹೋದುವು. ಅದಕ್ಕೂ ಮೊದಲು, 1948ರಲ್ಲಿ, ಮಡೆನೂರಿನ ಬಳಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಈ ಹೊಸ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಆ ಹಳೆಯ ಕಟ್ಟೆ ತಲೆಯೆತ್ತುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ನಾಡಿಗೆಲ್ಲ ಬೆಳಕು ಕೊಟ್ಟ ಕಣಿವೆಯ ಜನ ಚೆದರಿಹೋದರು. ಅವರಲ್ಲಿ ಅನೇಕರ ಹೊಸ ನೆಲದ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಎಳೆಯಿತು. ಸಾಗರದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಕಥೆಯನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು. ತರಗತಿಯಲ್ಲಿ ಆ ಕಾದಂಬರಿಯ ಬಗ್ಗೆ ಮಾತನಾಡಿದ ನಾನು, ಅದೇ ನೀರಿನ ಅಡಿಯಲ್ಲಿ ನಮ್ಮ ಮನೆಯ ಒಂದು ಅಡುಗೆಕೋಣೆಯೂ ಇದೆಯೆಂಬುದನ್ನು ಅಷ್ಟಾಗಿ ನೆನೆದವನಲ್ಲ.

ಬಸ್ಸಿಳಿದು ಅರ್ಧ ಗಂಟೆ ಕಾಲುದಾರಿ. ಸೋನೆಮಳೆ. ತೋಟದಲ್ಲಿ ಕೊಳೆರೋಗಕ್ಕೆ ಹೊಡೆದ ಬೋರ್ಡೋ ಮಿಶ್ರಣದ ನೀಲಿ ಅಡಿಕೆಗೊನೆಗಳಿಗೆ ಅಂಟಿಕೊಂಡಿತ್ತು. ಹೆಂಚಿನ ಮನೆಯ ಜಗಲಿಯಲ್ಲಿ ಚಿಕ್ಕಜ್ಜಿ ನಿಂತಿದ್ದಳು. ಬೆನ್ನು ಬಾಗಿದೆ, ದೃಷ್ಟಿ ಮಾತ್ರ ಚುರುಕು.

“ಬಂದ್ಯ ಅಪ್ಪೀ? ಸೇತುವೆ ಮೇಲೆ ಬಂದ್ಯ? ಆಸರಿಗೆ ಎಂತ ಬೇಕು?”

ಬೆಲ್ಲ ನೀರು ಕುಡಿದು ಕುಶಲಪ್ರಶ್ನೆ ಮುಗಿಸಿದ ಮೇಲೆ ಬಂದ ಕಾರಣವನ್ನು ತಿಳಿಸಿದೆ. ಅವಳಿಗೆ ನಗು ಬಂತು. “ಸಾಸಿವೆ ಮಾಡದು ಎಂತ ದೊಡ್ಡ ವಿದ್ಯೆ?” ಎಂದಳು. ನಾನು ಸುಮ್ಮನಿರಲಾರದೆ, ಅದು ವಿದ್ಯೆಯೇ ಹೌದೆಂದೂ, 1025ರಷ್ಟು ಹಿಂದೆಯೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಷಯ ಬಂದಿದೆಯೆಂದೂ, ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದನೆಂದೂ ಹೇಳಿದೆ. ಅವಳು ಗೌರವದಿಂದಲೇ ಕೇಳಿಸಿಕೊಂಡಳು. ಕೊನೆಗೆ, “ಸಾಸಿವೆ ಎಷ್ಟು ಸುತ್ತು ಬೀಸವು ಹೇಳಿ ಅದರಲ್ಲಿ ಇದ್ದಾ?” ಎಂದು ಕೇಳಿದಳು. ಎಂ.ಎ. ಪದವೀಧರನಲ್ಲಿ ಉತ್ತರವಿರಲಿಲ್ಲ. “ಹಾಗಾದರೆ ಒಳಗೆ ಬಾ” ಎಂದಳು.

ಮಳೆಗಾಲದ ಬೆಳೆಯಾದ ಎಳೆಯ ಮುಳ್ಳುಸೌತೆ ಎರಡು ಬುಟ್ಟಿಯಲ್ಲಿದ್ದುವು. ತೊಟ್ಟಿನ ಭಾಗವನ್ನು ಕೊಯ್ದು ಒಂದು ಚೂರನ್ನು ತಾನು ತಿಂದು, ಇನ್ನೊಂದನ್ನು ನನಗೆ ಕೊಟ್ಟಳು. ಕಹಿಯಿದ್ದರೆ ಮೊದಲು ತೊಟ್ಟಿನಲ್ಲೇ ಗೊತ್ತಾಗುತ್ತದೆ. ಕಹಿ ಸೌತೆಗೆ ಯಾವ ಉಪಚಾರ ಮಾಡಿದರೂ ಪ್ರಯೋಜನವಿಲ್ಲ. ಎರಡೂ ಸಿಹಿಯಾಗಿದ್ದುವು. ಮೆಟ್ಟುಗತ್ತಿಯ ಮುಂದೆ ಕುಳಿತು ಸಣ್ಣಗೆ ಹೆಚ್ಚಿದಳು. ಎರಡು ಬಟ್ಟಲಿನಷ್ಟು ಹೋಳಾಯಿತು. ನಾನು ಉತ್ಸಾಹದಿಂದ ಉಪ್ಪಿನ ಮರಿಗೆಗೆ ಕೈಹಾಕಿದೆ.

“ಉಪ್ಪು ಈಗ ಹಾಕಡ!” ಎಂದು ಅವಳ ಧ್ವನಿ ಏರಿತು. “ಊಟಕ್ಕೆ ಕೂತ ಮೇಲೆ ಹಾಕು.”

ಅಮ್ಮನ ಸಾಸಿವೆ ನೀರಾಗುತ್ತಿದ್ದ ಕಾರಣ ಆ ಕ್ಷಣದಲ್ಲಿ ಅರ್ಧ ತಿಳಿಯಿತು. ಬೆಳಿಗ್ಗೆಯೇ ಹೋಳಿಗೆ ಉಪ್ಪು ಬೆರೆಸಿ ಮುಚ್ಚಿಟ್ಟು, ಮಧ್ಯಾಹ್ನ ಉಳಿದದ್ದನ್ನು ಸೇರಿಸುವುದು ಅವಳ ಪದ್ಧತಿ. ಉಪ್ಪು ಸೋಕಿದ ಸೌತೆ ತನ್ನೊಳಗಿನ ನೀರನ್ನೆಲ್ಲ ಹೊರಕ್ಕೆ ಬಿಡುತ್ತದೆ. ಎಷ್ಟು ಗಟ್ಟಿಯಾಗಿ ರುಬ್ಬಿದರೂ ಆ ನೀರಿನಲ್ಲಿ ಕರಗಿಹೋಗುತ್ತದೆ.

ಅರ್ಧ ತೆಂಗಿನಕಾಯಿಯ ತುರಿ, ಒಂದು ಒಣಮೆಣಸು, ಒಂದು ಗೋಟಡಿಕೆಯಷ್ಟು ಬೆಲ್ಲ ಇವು ಒರಳಿಗೆ ಬಿದ್ದುವು. ಮನೆಯಲ್ಲಿ ಮಿಕ್ಸರ್ ಇಲ್ಲವೆಂದಲ್ಲ. ಸೊಸೆ ದಿನವೂ ಬಳಸುತ್ತಾಳೆ. ಸಾಸಿವೆಗೆ ಮಾತ್ರ ಚಿಕ್ಕಜ್ಜಿಗೆ ಒರಳೇ ಬೇಕು. ರುಬ್ಬುವ ಕೆಲಸ ನನ್ನ ಪಾಲಿಗೆ ಬಂತು. ಗುಂಡನ್ನು ತಿರುಗಿಸಿದೆ, ಅವಳು ಚಿಮುಕಿಸಿ ಚಿಮುಕಿಸಿ ನೀರು ಹಾಕುತ್ತ, ಬೆರಳಿನಿಂದ ಒಳಕ್ಕೆ ತಳ್ಳುತ್ತ ಕುಳಿತಳು. ಮೊದಲು ತುರಿ ತರಿತರಿಯಾಗಿತ್ತು. ಹತ್ತು ನಿಮಿಷವಾಗುವಷ್ಟರಲ್ಲಿ ಅದರ ಮೈ ಬದಲಾಯಿತು. ಬೆಣ್ಣೆಯ ಹಾಗೆ ಹೊಳೆಯುತ್ತ ಗುಂಡಿಗೆ ಮೆತ್ತಿಕೊಳ್ಳತೊಡಗಿತು. ಹಸಿಯ ತೆಂಗಿನಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕೊಬ್ಬೇ. ರುಬ್ಬಿದಾಗ ಆ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ, ಕಾಯಿಯದೇ ಸಸಾರಜನಕ ಆ ಹನಿಗಳನ್ನು ನೀರಿನಲ್ಲಿ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಎಣ್ಣೆಯೂ ನೀರೂ ಜಗಳವಿಲ್ಲದೆ ಒಂದಾಗಿರುವ ಈ ಸ್ಥಿತಿಯನ್ನೇ ನಾಲಿಗೆ ಕೆನೆಯೆಂದು ತಿಳಿಯುತ್ತದೆ. ಬಾಟಲಿಯ ಮಯೊನೇಸಿನ ತತ್ತ್ವವೂ ಇದೇ. ಅದರ ಮೂಲರೂಪದಲ್ಲಿ ಈ ಕೆಲಸಕ್ಕೆ ಮೊಟ್ಟೆಯ ಹಳದಿ ಬೇಕು, ಇಲ್ಲಿ ಕಾಯಿಯೇ ಸಾಕು.

ಸಾಸಿವೆ ಇನ್ನೂ ಬಿದ್ದಿರಲಿಲ್ಲ. ನಾನು ಜ್ಞಾಪಿಸಿದೆ. “ಅದಕ್ಕೆಂತ ಅವಸರ?” ಎಂದಳು. ಎಲ್ಲ ನುಣ್ಣಗಾದ ಮೇಲೆ ಅರ್ಧ ಚಿಕ್ಕ ಚಮಚದಷ್ಟು ಕಾಳನ್ನು ಒರಳಿನ ನಡುವೆ ಹಾಕಿ, “ಈಗ ತಿರುಗಿಸು” ಎಂದಳು. ನಾಲ್ಕೈದು ಸುತ್ತು ಬಂದಿರಬೇಕು. ಕಾಳು ಒಡೆದು ಕಪ್ಪು ಚುಕ್ಕೆಗಳು ಕಂಡುವು. ಒಮ್ಮೆಲೇ ಮೂಗಿನೊಳಗೆ ಏನೋ ಚುಚ್ಚಿದಂತಾಗಿ ಕಣ್ಣು ಹನಿಗೂಡಿತು.

“ಮೂಗಿಗೆ ಬಂತಾ? ಹಾಂ, ಇನ್ನು ಸಾಕು.”

ಅವಳ ಗಡಿಯಾರ ಮೂಗು. ಅದು ಹೇಳಿದ ಮೇಲೂ ರುಬ್ಬುತ್ತ ಹೋದರೆ ಕಹಿ ಏರುತ್ತದೆಂದು ಅವಳ ಅನುಭವ. ಸಾಸಿವೆಯ ಕಾಳು ಇಡಿಯಾಗಿರುವಾಗ ಅದಕ್ಕೆ ಘಾಟಿಲ್ಲ. ಸಿನಿಗ್ರಿನ್ ಎಂಬ ಕಹಿಯಾದ ಒಂದು ವಸ್ತುವೂ, ಮೈರೊಸಿನೇಸ್ ಎಂಬ ಕಿಣ್ವವೂ ಅದರಲ್ಲಿ ಬೇರೆಬೇರೆ ಕೋಣೆಗಳಲ್ಲಿ ವಾಸವಾಗಿವೆ. ಕಾಳು ಒಡೆದು ನೀರು ಸೋಕಿದಾಗ ಎರಡೂ ಸೇರಿ ಘಾಟಿನ ತೈಲ ಹುಟ್ಟುತ್ತದೆ. ಅದು ಹಾರಿಹೋಗುವ ಗುಣದ್ದಾದ್ದರಿಂದಲೇ ನಾಲಿಗೆಗಿಂತ ಮೊದಲು ಮೂಗನ್ನು ಸೇರುತ್ತದೆ. ಬಿಸಿ ತಗುಲಿದರೆ ಕಿಣ್ವ ಸಾಯುತ್ತದೆ. ಒಗ್ಗರಣೆಯ ಸಾಸಿವೆ ಎಷ್ಟು ಸಿಡಿದರೂ ಮೂಗಿಗೇರದಿರುವುದು ಇದಕ್ಕಾಗಿಯೇ. ಹುಳಿ ಸೋಕಿದರೂ ಆ ಕೆಲಸ ಕುಂಠಿತವಾಗುತ್ತದೆ. ಅಮ್ಮ ಏನು ಮಾಡುತ್ತಿದ್ದಳೆಂದು ಈಗ ನೆನಪಿಗೆ ಬಂತು: ಕಾಯಿ, ಒಂದು ಹಿಡಿ ಸಾಸಿವೆ, ಹುಳಿ ಮೊಸರು ಎಲ್ಲವನ್ನೂ ಮಿಕ್ಸರಿನ ಒಂದೇ ಪಾತ್ರೆಗೆ ಸುರಿದು, ಪಾತ್ರೆ ಬಿಸಿಯಾಗುವವರೆಗೆ ತಿರುಗಿಸುತ್ತಿದ್ದಳು. ಘಾಟು ಹುಟ್ಟುವ ದಾರಿಯನ್ನೆಲ್ಲ ಮುಚ್ಚಿ, ಕಹಿಗೆ ಮಾತ್ರ ಬಾಗಿಲು ತೆರೆದಂತಾಗಿತ್ತು. ಮಿಕ್ಸರಿಗೆ ಸಿಕ್ಕ ಮೊಸರು ಮಜ್ಜಿಗೆಯಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನೀರಾಗುವುದರ ಉಳಿದರ್ಧ ಕಾರಣ ಅದೇ.

ಚಿಕ್ಕಜ್ಜಿ ರುಬ್ಬಿದ್ದನ್ನು ಬಳಿದು ಪಾತ್ರೆಗೆ ತೆಗೆದಳು. ಹುಳಿಯಿಲ್ಲದ ಗಟ್ಟಿ ಮೊಸರು ಒಂದು ಬಟ್ಟಲನ್ನು ಸೌಟಿನಿಂದ ಮೆಲ್ಲಗೆ ಬೆರೆಸಿದಳು. ಒಡೆದ ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆಯೂ ಈ ಮಿಶ್ರಣ ಒಡೆಯದಂತೆ ಕಾಯುತ್ತದೆ. ಪಾಶ್ಚಾತ್ಯರು ಎಣ್ಣೆ ಮತ್ತು ಹುಳಿಯ ಲೇಪಗಳಿಗೆ ಸಾಸಿವೆ ಸೇರಿಸುವುದರಲ್ಲೂ ರುಚಿಯ ಜೊತೆಗೆ ಇದೇ ಉಪಾಯವಿದೆ. ಹೋಳುಗಳನ್ನು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವುಗಳ ಒಗ್ಗರಣೆ ಕೊಟ್ಟದ್ದಾಯಿತು. ಒಂದೇ ಪಾತ್ರೆಯಲ್ಲಿ ಒಂದೇ ಕಾಳು ಎರಡು ಅವತಾರ ತಾಳಿತ್ತು: ಹಸಿಯದು ಮೂಗಿಗೆ, ಸಿಡಿದದ್ದು ಪರಿಮಳಕ್ಕೆ. ಎಲೆ ಹಾಕಿದ ಮೇಲೆ ಉಪ್ಪು ಬಿತ್ತು.

ಆ ರುಚಿಯನ್ನು ವರ್ಣಿಸಲು ಹೋಗುವುದಿಲ್ಲ. ಮೊದಲ ತುತ್ತಿನಲ್ಲೇ ಬೆಂಗಳೂರಿನ ನಮ್ಮ ಹಳೆಯ ಬಾಡಿಗೆ ಮನೆ, ಶಾಲೆಯಿಂದ ಬಂದ ಮಧ್ಯಾಹ್ನ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಅಜ್ಜಿ ಎದುರಿಗೆ ಬಂದರು. ಎರಡನೆಯ ಸಲ ಬಡಿಸಿಕೊಂಡೆ. ಚಿಕ್ಕಜ್ಜಿ ಮಾತಾಡದೆ ಮೂರನೆಯ ಸಲವೂ ಬಡಿಸಿದಳು.

ಊಟವಾದ ಮೇಲೆ ಒರಳನ್ನು ತೊಳೆಯಲು ಹೋದವನು ಒಂದು ವಿಚಿತ್ರವನ್ನು ಕಂಡೆ. ಒರಳಿನ ಕಲ್ಲು ಬೂದುಬಣ್ಣದ್ದು. ಗುಂಡು ಮಾತ್ರ ಕಪ್ಪು, ಕನ್ನಡಿಯಂತೆ ನಯ. “ಇವೆರಡೂ ಜೊತೆಯವಲ್ಲವಲ್ಲ?” ಎಂದೆ.

“ಅಲ್ಲ” ಎಂದಳು ಚಿಕ್ಕಜ್ಜಿ. ಆಮೇಲೆ ಅವಳು ತನ್ನ ಮಾತಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನೀರು ಬರುವುದೆಂದು ಖಚಿತವಾದ ವರ್ಷ ಮನೆಯ ಬಾಗಿಲು, ತೊಲೆ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿದರು. ಅಡುಗೆಮನೆಯ ಒರಳು ಮಾತ್ರ ನೆಲದಲ್ಲಿ ಹೂತದ್ದು. ಗಂಡಸರು ಅಗೆದು ನೋಡಿದರು, ಅದು ಏಳಲಿಲ್ಲ. ಹೊತ್ತು ಮೀರುತ್ತಿತ್ತು. ಅವರ ತಾಯಿ ಒರಳಿಗೆ ಅರಿಸಿನ ಕುಂಕುಮ ಹಚ್ಚಿ, ಗುಂಡನ್ನು ಎತ್ತಿ ಸೀರೆಯಲ್ಲಿ ಸುತ್ತಿ ಗಾಡಿಯಲ್ಲಿ ತನ್ನ ಪಕ್ಕದಲ್ಲಿಟ್ಟುಕೊಂಡಳು. ಹೊಸ ಊರಿನಲ್ಲಿ ಕಲ್ಲುಕುಟಿಗನನ್ನು ಕರೆಸಿ, ಆ ಗುಂಡಿನ ಅಳತೆಗೆ ಒರಳನ್ನು ಕೊರೆಸಿದರು. ಅಕ್ಕ ಬೆಂಗಳೂರಿಗೆ ಹೋಗುವಾಗ, “ಪೇಟೆಯಲ್ಲಿ ಇದನ್ನು ಎಲ್ಲಿಡಲಿ, ನೀನೇ ಇಟ್ಟುಕೋ” ಎಂದು ತಂಗಿಗೆ ಕೊಟ್ಟಳು. ಅದೇ ಲಾಂಚಿನಲ್ಲಿ ಅದು ಮತ್ತೊಮ್ಮೆ ನೀರನ್ನು ದಾಟಿ ಇಲ್ಲಿಗೆ ಬಂತು.

“ಒರಳು ಅಲ್ಲೇ ಇದ್ದು” ಎಂದು ಚಿಕ್ಕಜ್ಜಿ ಹಿನ್ನೀರಿನ ಕಡೆಗೆ ಕೈ ತೋರಿಸಿದಳು. ತೋಟದ ಆಚೆ ನೀರು ಮಳೆಯಲ್ಲಿ ಕಾಣುತ್ತಿರಲಿಲ್ಲ. ನಾನು ಅರ್ಧ ಗಂಟೆ ತಿರುಗಿಸಿದ ಕಲ್ಲು ಯಾವುದೆಂದು ತಿಳಿದ ಮೇಲೆ ಅದನ್ನು ತೊಳೆದು ಒರಳಿನಲ್ಲಿ ಇಡುವಾಗ ಕೈ ತಾನಾಗಿಯೇ ನಿಧಾನವಾಯಿತು.

ಹಿಂದೆ ಸಂಜೆಯಾದರೆ ಲಾಂಚು ನಿಲ್ಲುತ್ತಿತ್ತು, ನೆಂಟರು ಉಳಿದುಕೊಳ್ಳಲೇಬೇಕಾಗಿತ್ತು. ಕತ್ತಲಾದ ಮೇಲೆ ಕಾಯಿಲೆ ಬಿದ್ದವರ ಕಷ್ಟವನ್ನು ಇಲ್ಲಿ ಪ್ರತಿಯೊಂದು ಮನೆಯೂ ಬಲ್ಲದು. ಈಗ ಆ ಭಯವಿಲ್ಲ. “ಸೇತುವೆ ಒಳ್ಳೆಯದೇ ಆಯಿತು. ಆದರೆ ನೆಂಟರು ಅದೇ ದಿನ ಹೊರಡುತ್ತಾರೆ” ಎಂದು ಚಿಕ್ಕಜ್ಜಿ ನಕ್ಕಳು. ನಾನೂ ಅದೇ ದಿನ ಹೊರಟೆ. ಚೀಲದಲ್ಲಿ ನಾಲ್ಕು ಮುಳ್ಳುಸೌತೆ, ಎರಡು ತೆಂಗಿನಕಾಯಿ.

ಬೆಂಗಳೂರಿನ ಫ್ಲಾಟಿನಲ್ಲಿ ಒರಳೆಲ್ಲಿ ಬಂತು? ಮಿಕ್ಸರಿನಲ್ಲೇ ಮಾಡಿದೆ. ತುರಿ, ಮೆಣಸು, ಬೆಲ್ಲಗಳನ್ನು ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ನುಣ್ಣಗೆ ತಿರುಗಿಸಿದೆ. ಸಾಸಿವೆಯನ್ನು ಚಿಕ್ಕ ಕುಟ್ಟಾಣಿಯಲ್ಲಿ ಒಡೆದು, ಕೊನೆಯಲ್ಲಿ ಸೇರಿಸಿ ಎರಡೇ ಸುತ್ತು ಕೊಟ್ಟೆ. ಮುಚ್ಚಳ ತೆಗೆದು ಮೂಗನ್ನು ಕೇಳಿದೆ, ಅದು ಸಾಕೆಂದಿತು. ಮೊಸರನ್ನು ಕೈಯಿಂದಲೇ ಬೆರೆಸಿದೆ. ಉಪ್ಪನ್ನು ಎಲ್ಲರೂ ಕುಳಿತ ಮೇಲೆ ಹಾಕಿದೆ. ಮಾಡಿದ ಊಟಕ್ಕೇ ಮುಗಿಸಬೇಕಾದ ಪದಾರ್ಥವಿದು. ಹೊತ್ತು ಕಳೆದಂತೆ ಘಾಟು ಹಾರಿಹೋಗುತ್ತದೆ, ಹಸಿಕಾಯಿ ಬೇಗ ಕೆಡುತ್ತದೆ.

ಮಗಳು ಒಂದು ತುತ್ತು ತಿಂದು ಮೂಗು ಹಿಡಿದುಕೊಂಡು ನಕ್ಕಳು. ಮತ್ತೆ ಕೈ ಚಾಚಿದಳು. ಹೆಂಡತಿ ಎಷ್ಟು ಕಾಯಿ, ಎಷ್ಟು ಮೊಸರು ಎಂದು ಕೇಳಿ ಬರೆದುಕೊಂಡಳು. ಅಮ್ಮ ಮಾತ್ರ ತಲೆ ಬಗ್ಗಿಸಿ ಊಟ ಮಾಡುತ್ತಿದ್ದಳು. ಅವಳ ಕಣ್ಣಿನಲ್ಲಿ ನೀರಿತ್ತು. ಸಾಸಿವೆಯ ಘಾಟಿಗೇ ಇರಬೇಕೆಂದು ನಾನು ಸುಮ್ಮನಾದೆ. ಬಟ್ಟಲು ಬರಿದಾದ ಮೇಲೆ ಅವಳು ತಲೆಯೆತ್ತಿ ಕೇಳಿದಳು:

“ಕಪ್ಪು ಗುಂಡು ಇನ್ನೂ ಇದೆಯೇನೋ?”

“ಇದೆ” ಎಂದೆ. “ನಾನೇ ತಿರುಗಿಸಿ ಬಂದೆ.”

“ಚೌತಿಗೆ ನಾನೂ ಬರುತ್ತೇನೆ” ಎಂದಳು ಅಮ್ಮ. “ಬಸ್ಸು ಈಗ ಮನೆಯ ಹತ್ತಿರದವರೆಗೂ ಹೋಗುತ್ತದಲ್ಲ.”